ನಾಲ್ಕು ಬೆರಳು ಆಕಾಶ

ನಮ್ಮಲ್ಲಿ ಒಂದು ಚಿತ್ರಕ್ಕೆ ಮೂವರು ಬೇಕು. ಮೋಡಕ್ಕೊಬ್ಬ, ಗೋಧಿಗೊಬ್ಬಳು, ಮರಕ್ಕೊಬ್ಬ. ಮರದವನು ನಾನೇ. ಮೂಲ ಚಿತ್ರ ಬರೆದ ಕೆಂಪು ಗಡ್ಡದ ಪುಣ್ಯಾತ್ಮ ಇಷ್ಟನ್ನೂ ಒಬ್ಬನೇ ಬರೆದನಂತೆ, ಅದೂ ಬಯಲಲ್ಲಿ, ಬಿಸಿಲಲ್ಲಿ, ಗಾಳಿಗೆ ಎದುರಾಗಿ ನಿಂತು. ಅವನಿಗೆ ಕೆಲಸ ಹಂಚುವುದು ತಿಳಿಯಲಿಲ್ಲ, ಅದಕ್ಕೇ ಅಷ್ಟು ಕಷ್ಟಪಟ್ಟ ಎಂದು ನಮ್ಮ ಯಜಮಾನ ಹೇಳುತ್ತಾನೆ. ಯಜಮಾನನಿಗೆ ಎಲ್ಲ ಮಹಾಪುರುಷರ ತಪ್ಪುಗಳೂ ಗೊತ್ತು, ತನ್ನವು ಬಿಟ್ಟು.

ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕೆಳಗೆ ಗಾಳಿಗೆ ಬಾಗಿದ ಮಾಗಿದ ಗೋಧಿ, ಬಲಕ್ಕೆ ಕಪ್ಪು ಹಸಿರಿನ ಎರಡು ಉದ್ದನೆಯ ಮರ, ಹಿಂದೆ ನೀಲಿ ಬೆಟ್ಟ, ಮೇಲೆ ಸುತ್ತಿ ಸುಳಿಯುವ ಮೋಡ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಕೂತಾಗ ಎದುರಿಗೆ ಕಾಣಿಸುವುದು ಅದೇ. ಹೋಟೆಲಿನ ಮಂಚದ ತಲೆಯ ಮೇಲೆ ನೇತಾಡುವುದೂ ಅದೇ. ಎಣ್ಣೆಬಣ್ಣದ್ದು, ಕೈಯಿಂದಲೇ ಬರೆದದ್ದು ಎಂದು ಹಿಂಬದಿಗೆ ಒಂದು ಚೀಟಿ ಅಂಟಿಸಿರುತ್ತೇವೆ. ಅದು ಸತ್ಯ. ಎಷ್ಟು ಕೈ ಎಂದು ಯಾರೂ ಕೇಳುವುದಿಲ್ಲ.

ಕೆಲಸದ ಜಾಗ ಒಂದು ಪೀಠೋಪಕರಣದ ಅಂಗಡಿಯ ಮೇಲಿನ ಉದ್ದನೆಯ ಹಜಾರ. ಒಂದು ಕಡೆ ಸಾಲು ಕಿಟಕಿ, ಇನ್ನೊಂದು ಕಡೆ ಒಣಗಲು ಹಾಕಿದ ಕ್ಯಾನ್ವಾಸುಗಳ ಹಗ್ಗ. ಟರ್ಪೆಂಟೈನ್ ವಾಸನೆ ಎಷ್ಟೆಂದರೆ ನನ್ನ ಹೆಂಡತಿ ನನ್ನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲೇ ನೆನೆಸುತ್ತಾಳೆ. ಗೋಡೆಯ ಮೇಲೆ ಮೂಲ ಚಿತ್ರದ ಒಂದು ಅಚ್ಚುಪ್ರತಿ ಇದೆ, ಆದರೆ ಅದರ ಮುಂದೆ ನಮ್ಮ ಅಂಗಿ, ಚೀಲ, ಕೊಡೆಗಳನ್ನು ನೇತುಹಾಕುವ ಮೊಳೆಗಳಿವೆ. ಹೊಸದಾಗಿ ಬಂದವರು ಮೊದಲ ತಿಂಗಳು ಅಂಗಿ ಸರಿಸಿ ಇಣುಕುತ್ತಾರೆ. ಆಮೇಲೆ ಅವರೂ ಅಲ್ಲೇ ಅಂಗಿ ನೇತುಹಾಕುತ್ತಾರೆ. ನೋಡಿ ಬರೆಯುವವನು ಹೊಸಬ, ನೋಡದೆ ಬರೆಯುವವನು ಕೆಲಸಗಾರ ಎಂಬುದು ನಮ್ಮ ಹಜಾರದ ಜಂಬ. ಆ ಜಂಬವೇ ನಮ್ಮನ್ನು ಹಳ್ಳಕ್ಕೆ ಹಾಕಿತು, ಆ ಕಥೆಗೆ ಬರುತ್ತೇನೆ.

ನಾನು ಹೇಳಬೇಕೆಂದಿರುವುದು ಗೋಧಿಯಕ್ಕನ ವಿಷಯ. ಇಪ್ಪತ್ತೇಳು ವರ್ಷಗಳ ಹಿಂದೆ ಅವಳು ಇಲ್ಲಿಗೆ ಬಂದದ್ದು ನೆಲ ಗುಡಿಸಲು. ಅದಕ್ಕೆ ಮೊದಲು ಒಂದು ಇಸ್ತ್ರಿ ಅಂಗಡಿಯಲ್ಲಿ ಬೇರೆಯವರ ಪ್ಯಾಂಟುಗಳ ಗೆರೆ ತೀಡುತ್ತಿದ್ದಳು. ಆಗ ಗೋಧಿ ಬರೆಯುತ್ತಿದ್ದವನು ಸೊಂಟ ನೋವಿನ ಮುದುಕ. ಗೋಧಿ ಇರುವುದು ಚಿತ್ರದ ತಳದಲ್ಲಿ, ಅದಕ್ಕಾಗಿ ದಿನವಿಡೀ ಬಗ್ಗಬೇಕು. ಒಂದು ಮಧ್ಯಾಹ್ನ ಅವನು ಬೆಂಚಿನ ಮೇಲೆ ಉರುಳಿಕೊಂಡು ನರಳುತ್ತಿದ್ದಾಗ, ಇವಳು ಪೊರಕೆ ಬದಿಗಿಟ್ಟು ಅವನ ಪಾಲಿನ ನಾಲ್ಕು ಕ್ಯಾನ್ವಾಸನ್ನು ಬರೆದು ಮುಗಿಸಿದಳು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಮುದುಕನಿಗೆ ಗೊತ್ತಾಯಿತು, ಆದರೆ ಅವನು ಜಾಣ, ಮರುದಿನವೂ ನರಳಿದ.

ಅವಳು ಬಗ್ಗಲೂ ಇಲ್ಲ. ಮೋಟು ಸ್ಟೂಲಿನ ಮೇಲೆ ಕೂತು ಕ್ಯಾನ್ವಾಸನ್ನು ತಲೆಕೆಳಗು ಮಾಡಿಕೊಂಡಳು. ಗೋಧಿ ಮೇಲೆ ಬಂತು, ಆಕಾಶ ಅವಳ ಮಡಿಲಿಗೆ ಬಂತು. ಬುಡದಿಂದ ತೆನೆಯ ಕಡೆಗೆ ಕುಂಚವನ್ನು ತನ್ನ ಹೊಟ್ಟೆಯತ್ತ ಎಳೆದರಾಯಿತು, ಒಂದು ಗೋಧಿ ಗಿಡ. ಹಳದಿ, ಅದರ ಮೇಲೆ ಕೇಸರಿ ಕಲಸಿದ ಹಳದಿ, ಅಲ್ಲಲ್ಲಿ ಹಸಿರು, ಕೊನೆಗೆ ತೆನೆಯ ತುದಿಗೆ ದಪ್ಪನೆಯ ಬಿಳಿ. ಇಪ್ಪತ್ತೇಳು ವರ್ಷ ಅವಳು ಹೀಗೆಯೇ ಎಳೆದಿದ್ದಾಳೆ. ಒಮ್ಮೆ ರೈಲಿನಲ್ಲಿ ಹೋಗುವಾಗ ನಿಜವಾದ ಗೋಧಿ ಹೊಲ ಕಂಡಿತಂತೆ. ಗಂಡ ತೋರಿಸಿದ್ದಕ್ಕೆ, “ಥೂ, ಎಷ್ಟ್ ಮಂಕಾಗಿದೆ! ಎರಡನೇ ಕೋಟು ಹೊಡೆದೇ ಇಲ್ಲ,” ಎಂದು ಮುಖ ತಿರುಗಿಸಿಕೊಂಡಳಂತೆ. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಒಂದು ಕಿವಿ ಕೇಳಿಸುವುದಿಲ್ಲ, ಯಾವಾಗಲೂ ಆ ಕಿವಿಯನ್ನೇ ಹೆಂಡತಿಯ ಕಡೆಗೆ ಇಟ್ಟು ಕೂರುತ್ತಾನೆ. ಸಂಸಾರ ಸುಖವಾಗಿದೆ.

ಅವಳ ಬಾಯಿಗೆ ಬೀಗವಿಲ್ಲ. ನನ್ನ ಮರಗಳನ್ನು ನೋಡಿ, “ಇದೇನು ಮರಾನೋ, ಮಳೇಲಿ ನೆಂದ ಕೋಳಿನೋ?” ಎನ್ನುತ್ತಿದ್ದಳು. ಯಜಮಾನ ಬೊಕ್ಕತಲೆಗೆ ಹೊಸದಾಗಿ ಎಣ್ಣೆ ಹಚ್ಚಲು ಶುರುಮಾಡಿದಾಗ, “ವಾರ್ನಿಶ್ ಒಣಗೋವರೆಗೂ ಹೊರಗೆ ಹೋಗ್ಬೇಡಿ, ಧೂಳು ಹಿಡಿಯುತ್ತೆ,” ಎಂದಿದ್ದಳು. ಆದರೂ ಹಜಾರದ ಹದಿನೆಂಟು ಜನಕ್ಕೂ, ಯಜಮಾನನಿಗೂ, ಕೆಳಗಿನ ಅಂಗಡಿಯವರಿಗೂ ಅವಳು ಅಕ್ಕನೇ. ಹಾಗೆ ಕರೆಯದವನು ಒಬ್ಬನೇ ಒಬ್ಬ. ಅವನು ಅವಳ ಸ್ವಂತ ತಮ್ಮ.

ತಮ್ಮನನ್ನು ನಾವು ಮೋಡಪ್ಪ ಎನ್ನುತ್ತೇವೆ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ತಾಯಿ ದಿನವಿಡೀ ದುಡಿಯಲು ಹೋಗುತ್ತಿದ್ದುದರಿಂದ ಅವನು ಬೆಳೆದದ್ದು ಅಕ್ಕನ ಸೊಂಟದ ಮೇಲೆ. ಹತ್ತೊಂಬತ್ತಕ್ಕೆ ಅವನನ್ನು ಇಲ್ಲಿಗೆ ಕರೆತಂದು ಕುಂಚ ಹಿಡಿಯಲು ಕಲಿಸಿದವಳೂ ಅವಳೇ. ಮೂರೇ ವರ್ಷಕ್ಕೆ ಅವನ ಕೈ ಎಲ್ಲರಿಗಿಂತ ಮೇಲಾಯಿತು, ಯಜಮಾನ ಅವನಿಗೆ ಆಕಾಶ ಕೊಟ್ಟ. ನಮ್ಮಲ್ಲಿ ಆಕಾಶ ಎಂದರೆ ದೊಡ್ಡ ಹುದ್ದೆ. ಬೆಟ್ಟವೂ ಅವನದೇ ಪಾಲು. ಹಸಿ ನೀಲಿಯೊಳಗೆ ಹಸಿ ಬಿಳಿ ಎಳೆದು ಮೋಡವನ್ನು ಸುಳಿ ತಿರುಗಿಸಬೇಕು. ಒಂದು ಸುತ್ತು ಹೆಚ್ಚಾದರೆ ಜಿಲೇಬಿ, ಒಂದು ಕಡಿಮೆಯಾದರೆ ಒದ್ದೆ ಬಟ್ಟೆ. ಮೋಡಪ್ಪನದು ಎಂದೂ ಜಿಲೇಬಿಯಾಗಲಿಲ್ಲ. ಕೆಲಸದಲ್ಲಿ ಅಪ್ಪಟ, ಸ್ವಭಾವದಲ್ಲಿ ಮುಟ್ಟಿದರೆ ಮುನಿ.

ಅವರಿಬ್ಬರಿಗೂ ಬಿರುಕು ಬಿದ್ದದ್ದು ಹನ್ನೊಂದು ವರ್ಷದ ಹಿಂದೆ, ನನ್ನ ಕಣ್ಣೆದುರಿಗೇ. ಮೂವತ್ತಮೂರಕ್ಕೆ ಅವನಿಗೆ ಕೊನೆಗೂ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗಿಯ ಕಡೆಯವರು ಹುಡುಗ ಕೆಲಸ ಮಾಡುವ ಜಾಗ ನೋಡಲು ಬಂದರು: ಹುಡುಗಿ, ಅವಳ ತಂದೆ, ಇಬ್ಬರು ಅತ್ತೆಯಂದಿರು. ಮೋಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಹಗ್ಗದ ಮೇಲಿನ ಚಿತ್ರಗಳನ್ನು ತೋರಿಸಿ, “ಇವೆಲ್ಲ ನಾನೇ ಬರ್ದಿದ್ದು,” ಎಂದುಬಿಟ್ಟ. ಮದುವೆ ಗಂಡು, ಇಷ್ಟು ಸುಳ್ಳು ಹೇಳಲು ಯಾವ ಊರಲ್ಲಾದರೂ ಅನುಮತಿ ಇದೆ. ಆದರೆ ಅಕ್ಕನಿಗೆ ತನ್ನ ಗೋಧಿ ಹೋಯಿತಲ್ಲ ಎಂದು ಚುರ್ ಎಂದಿತು.

“ಇವನದ್ದು ಬರೀ ಮೋಡ ಕಣ್ರೀ. ಕೆಳಗಿನದೆಲ್ಲ ನಂದು,” ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆ ಹೆಂಗಸರು ನಕ್ಕರು, ನಕ್ಕಿದ್ದು ಕಂಡು ಇವಳಿಗೆ ಹುಮ್ಮಸ್ಸು ಬಂತು. “ಈ ಮೋಡ ಎಲ್ಲಿ ಕಲಿತ ಅಂದ್ಕೊಂಡ್ರಿ? ಎಂಟು ವರ್ಷ ತುಂಬೋವರೆಗೂ ದಿನಾ ಬೆಳಿಗ್ಗೆ ಹಾಸಿಗೆ ಮೇಲೆ ಒಂದೊಂದು ಬಿಡಿಸ್ತಿದ್ದ. ಒಗೆದು ಒಗೆದು ನನಗೆ ಎಲ್ಲಾ ಆಕಾರಾನೂ ಬಾಯಿಪಾಠ ಆಗಿದೆ!”

ಹಜಾರ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಎಲ್ಲರಿಗಿಂತ ಹೆಚ್ಚು ನಕ್ಕವನು ಹುಡುಗಿಯ ತಂದೆ, ಕಣ್ಣೀರು ಒರೆಸಿಕೊಂಡು ನಕ್ಕ. ಮೋಡಪ್ಪ ಮಾತ್ರ ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ಮದುವೆಯೇನೋ ಆಯಿತು, ಆದರೆ ಅವತ್ತಿನಿಂದ ಅವನು ಅಕ್ಕನ ಜೊತೆ ಒಂದು ಮಾತು ಆಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

ಕಷ್ಟವೆಲ್ಲ ಬಂದದ್ದು ನನಗೆ. ನನ್ನ ಮರದ ಬುಡ ಅವಳ ಗೋಧಿಯಲ್ಲಿ, ತುದಿ ಅವನ ಮೋಡದಲ್ಲಿ. ಇಬ್ಬರಿಗೂ ಬೇಕಾದವನು ನಾನೊಬ್ಬನೇ. “ಮರದವನೇ, ಮೇಲಿನವರಿಗೆ ಹೇಳು, ಇವತ್ತಿನ ನೀಲಿ ಇನ್ನೂ ಹಸಿ ಇದೆ ಅಂತ.” “ಮರದವನೇ, ಕೆಳಗಿನವರಿಗೆ ಹೇಳು, ಹಸಿ ಇದ್ರೆ ಕಾಯ್ಬೇಕು ಅಂತ.” ಮಧ್ಯೆ ಅಂತರವೆಂದರೆ ಎರಡು ಸ್ಟೂಲು. ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತಿತ್ತು, ಆದರೂ ನಾನು ಮತ್ತೆ ಹೇಳಬೇಕು. ಹೇಳದಿದ್ದರೆ ಮೋಡಪ್ಪ ಕೇಳಿಸಲೇ ಇಲ್ಲವೆಂಬಂತೆ ಕುಂಚ ತೊಳೆಯುತ್ತ ಕೂರುತ್ತಿದ್ದ.

“ಕ್ಷಮಿಸು ಅಂತ ಒಂದು ಮಾತು ಹೇಳಿಬಿಡಕ್ಕಾ,” ಎಂದು ನಾನು ಒಮ್ಮೆ ಹೇಳಿದೆ.

“ಹೇಳಿದೆ. ಮದುವೆ ದಿನಾನೇ ಹೇಳಿದೆ. ಅವನು ಕೈ ತೊಳೀತಿದ್ದ. ನಲ್ಲಿ ನಿಲ್ಲಿಸ್ಲೇ ಇಲ್ಲ,” ಎಂದಳು. ಅಷ್ಟು ಹೇಳಿ ಹಳದಿ ಟ್ಯೂಬನ್ನು ಬೇಕಾದ್ದಕ್ಕಿಂತ ಜೋರಾಗಿ ಹಿಂಡಿದಳು.

ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ ನನ್ನ ಮರದ ಬುಡ ಮುಳುಗತೊಡಗಿತು. ಮೊದಲು ನನ್ನ ಕಣ್ಣೇ ಕೆಟ್ಟಿತೇನೋ ಎಂದುಕೊಂಡೆ. ಆಮೇಲೆ ಅವಳ ಕೈ ನೋಡುತ್ತ ಕೂತೆ. ಕುಂಚವನ್ನು ಹೊಟ್ಟೆಯತ್ತ ಎಳೆಯುತ್ತಾಳಲ್ಲ, ತೆನೆ ಮುಗಿಯಬೇಕಾದ ಕಡೆ ಮುಗಿಸದೆ ಇನ್ನೂ ಒಂಚೂರು ಎಳೆಯುತ್ತಿದ್ದಳು, ತಮ್ಮ ಬೆಳಿಗ್ಗೆ ಬರೆದಿಟ್ಟ ಬೆಟ್ಟದ ಮೇಲೆ. ಒಂದು ಅಕ್ಕಿಕಾಳಿನಷ್ಟು.

“ಅಕ್ಕಾ, ಎಲ್ಲೆ ದಾಟ್ತಿದ್ದೀಯ,” ಎಂದೆ ಮೆಲ್ಲಗೆ.

“ಗೊತ್ತು ಬಿಡು.”

“ಗೊತ್ತಿದ್ದೂ?”

“ಅವನಿಗೂ ಗೊತ್ತಾಗ್ಲಿ ಅಂತಾನೇ. ಅವನ ಕೆಲಸ ಮುಟ್ಟಿದ್ರೆ ಸುಮ್ನಿರೋ ಜಾತಿ ಅಲ್ಲ ಅದು. ಇವತ್ತಲ್ಲ ನಾಳೆ ಬಂದು ನಾಲ್ಕು ಬೈತಾನೆ. ಬೈದ್ರೂ ಮಾತೇ ತಾನೆ? ಬೈಲಿ. ಅಷ್ಟು ಸಾಕು ನನಗೆ.”

ನನಗೆ ನಗು ಬಂತು, ನಗಲಾರದೆ ನನ್ನ ಮರದ ಕಡೆ ತಿರುಗಿದೆ. ನಲವತ್ತೈದರ ಹತ್ತಿರ ಬಂದ ಹೆಂಗಸು, ತಮ್ಮನಿಂದ ಒಂದು ಬೈಗುಳಕ್ಕಾಗಿ ಅವನ ಬೆಟ್ಟ ಕದಿಯುತ್ತಿದ್ದಾಳೆ. ಯಾರಿಗೆ ಹೇಳುವುದು?

ಅವನು ಬೈಯಲಿಲ್ಲ. ಗಮನಿಸಲಿಲ್ಲ ಎಂದೇನಲ್ಲ, ಹಗ್ಗದ ಮುಂದೆ ನಿಂತು ಒಣಗುತ್ತಿದ್ದ ಚಿತ್ರಗಳನ್ನು ನೋಡುವುದನ್ನು ನಾನೇ ಕಂಡಿದ್ದೇನೆ. ಮರುದಿನದಿಂದ ಅವನು ಬೆಟ್ಟದ ಬುಡವನ್ನು ಬರೆಯುವುದನ್ನೇ ಬಿಟ್ಟ. ಅವಳು ಆಕ್ರಮಿಸಿದಷ್ಟು ಜಾಗವನ್ನು ಖಾಲಿ ಕ್ಯಾನ್ವಾಸಾಗಿಯೇ ಬಿಟ್ಟು ಕಳಿಸಿದ. ಅದನ್ನು ನೋಡಿ ಅವಳ ಪಿತ್ತ ನೆತ್ತಿಗೇರಿತು. “ಬಿಟ್ಟುಕೊಟ್ಟ ನೋಡು, ಕಳ್ಳ! ಇರು, ಎಷ್ಟು ಬಿಡ್ತಾನೆ ನೋಡ್ತೀನಿ,” ಎಂದು ಮುಂದಿನ ವರ್ಷ ಇನ್ನೊಂದು ಅಕ್ಕಿಕಾಳು ಏರಿಸಿದಳು. ಅವನು ಅದನ್ನೂ ಬಿಟ್ಟ. ಐದನೆಯ ವರ್ಷಕ್ಕೆ ಬೆಟ್ಟ ದಿಬ್ಬವಾಯಿತು, ಎಂಟನೆಯ ವರ್ಷಕ್ಕೆ ಹುತ್ತವಾಯಿತು, ಹತ್ತನೆಯದಕ್ಕೆ ಗೋಧಿ ನೇರವಾಗಿ ಮೋಡವನ್ನೇ ತಿವಿಯುತ್ತಿತ್ತು. ನಾನು ಮರಗಳನ್ನು ಮೇಲೆ ಮೇಲೆ ತಳ್ಳುತ್ತಾ ಹೋದೆ. ತುದಿ ಚೌಕಟ್ಟಿಗೆ ತಾಗಿ ಚಪ್ಪಟೆಯಾಯಿತು. ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ, ಬರೆಯಬೇಕಾದ ಮರ ಕಡಿಮೆಯಾಯಿತು, ಅಷ್ಟೇ. ನಾನೇನು ಸಂತನಲ್ಲ.

ಬೇರೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ಅಂಗಿಗಳನ್ನು ಸರಿಸಿ ಗೋಡೆ ನೋಡಬೇಕಿತ್ತು. ಯಜಮಾನ ನೋಡುವುದು ಉದ್ದ, ಅಗಲ, ಚೀಟಿ. ಜೇಬಿನಲ್ಲಿ ಸದಾ ಉಕ್ಕಿನ ಸ್ಕೇಲು ಇಟ್ಟುಕೊಂಡಿರುತ್ತಾನೆ, ಆದರೆ ಅದರಿಂದ ಚಿತ್ರದ ಒಳಗನ್ನು ಎಂದೂ ಅಳೆದವನಲ್ಲ. ಕೊಂಡವರಂತೂ ಮನೆಗೆ ಒಯ್ದು ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ನೋಡಿದರೆ ಮುಗಿಯಿತು.

ಹೀಗೆ ಹನ್ನೊಂದು ವರ್ಷ ಕಳೆಯಿತು. ಈ ವರ್ಷ ಒಂದು ದೊಡ್ಡ ಹೋಟೆಲಿನಿಂದ ಅರವತ್ತು ಚಿತ್ರಗಳ ಕೆಲಸ ಬಂತು. ಹನ್ನೆರಡು ವರ್ಷದ ಹಿಂದೆ ಅವರೇ ನಲವತ್ತು ಕೊಂಡಿದ್ದರು. ಈಗ ಹೊಸದಾಗಿ ಎರಡು ಮಹಡಿ ಕಟ್ಟಿ, ಅಲ್ಲಿಗೂ ಅದೇ ಚಿತ್ರ ಬೇಕೆಂದರು. ನಾವು ಬರೆದು ಕಳಿಸಿದೆವು. ವಾರದೊಳಗೆ, ಮಂಗಳವಾರ, ಅರವತ್ತೂ ವ್ಯಾನಿನಲ್ಲಿ ವಾಪಸು ಬಂದವು. ಜೊತೆಯಲ್ಲಿ ಹೋಟೆಲಿನ ಕೋಣೆಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸು, ಅವಳ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಹಳೆಯ ಚಿತ್ರ.

ಅವಳು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದಳು. “ಬೆಟ್ಟ ಎಲ್ಲಿ ಹೋಯ್ತು?” ಎಂದು ಕೇಳಿದಳು.

ಯಜಮಾನ ಹೊಸ ಚಿತ್ರವನ್ನು ತಿರುಗಿಸಿ ಹಿಂಬದಿಯ ಚೀಟಿ ನೋಡಿದ.

“ಹಳೇ ಕೋಣೇಲಿ ಇಳಿದ ಗಿರಾಕಿ ಹೊಸ ಕೋಣೆಗೆ ಬಂದು ಕೇಳ್ತಾನೆ, ಏನು, ಇಲ್ಲಿ ನೆಲ ಊದಿಕೊಂಡಿದೆಯಾ ಅಂತ. ನಾನೇನು ಹೇಳ್ಲಿ?”

ಯಜಮಾನ ಸ್ಕೇಲು ತೆಗೆದು ಅಳೆದ. ಇನ್ನೊಮ್ಮೆ ಅಳೆದ. ನಾಲ್ಕು ಬೆರಳು ಆಕಾಶ ಕಾಣೆಯಾಗಿತ್ತು. ಬರುವ ಶನಿವಾರ ವ್ಯಾನು ಮತ್ತೆ ಬರುತ್ತದೆ, ಆಗ ಹಳೆಯದರ ಹಾಗೆಯೇ ಇದ್ದರೆ ಸರಿ, ಇಲ್ಲದಿದ್ದರೆ ಬೇರೆ ಕಡೆ ಬರೆಸಿಕೊಳ್ಳುತ್ತೇವೆ ಎಂದು ಹೇಳಿ, ಹಳೆಯ ಚಿತ್ರವನ್ನು ಇಲ್ಲೇ ಬಿಟ್ಟು ಆ ಹೆಂಗಸು ಹೋದಳು.

ಯಜಮಾನನ ಬೊಕ್ಕತಲೆ ಕೆಂಪಾಗಿತ್ತು. “ಯಾರ ಕೆಲಸ ಇದು?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಮರಗಳನ್ನು ನೋಡಿಕೊಂಡೆ. ಮೋಡಪ್ಪ ನೆಲ ನೋಡುತ್ತಿದ್ದ. ಗೋಧಿಯಕ್ಕ ಸ್ಟೂಲಿನಿಂದ ಎದ್ದಳು.

“ನಂದು. ಬೇಕಂತಾನೇ ಮಾಡಿದ್ದು. ಒಂಬತ್ತು ವರ್ಷದಿಂದ ಮಾಡ್ತಿದ್ದೀನಿ.”

“ಬೇಕಂತಾನಾ? ಯಾಕೆ?”

ಅವಳು ಯಜಮಾನನನ್ನು ನೋಡಲಿಲ್ಲ. “ಇವನು ಬಂದು ನನ್ನ ಬೈಲಿ ಅಂತ,” ಎಂದಳು. “ಬೈಯೋಕಾದ್ರೂ ಬಾಯಿ ಬಿಡ್ಲಿ ಅಂತ.”

ಹದಿನೆಂಟು ಜನರ ಎದುರು ತಮ್ಮನನ್ನು ನಗೆಪಾಟಲು ಮಾಡಿದವಳು ಈಗ ಅಷ್ಟೇ ಜನರ ಎದುರು ತನ್ನನ್ನು ತಾನು ಬಿಚ್ಚಿಟ್ಟಳು. ಈ ಸಲ ಯಾರೂ ನಗಲಿಲ್ಲ. ಮೋಡಪ್ಪ ಕೈಯಲ್ಲಿದ್ದ ಕುಂಚವನ್ನು ಬಟ್ಟೆಯಲ್ಲಿ ಒರೆಸಿದ, ಎರಡು ಸಲ ಒರೆಸಿದ, ಡಬ್ಬದಲ್ಲಿಟ್ಟ, ಗೋಡೆಯಿಂದ ತನ್ನ ಅಂಗಿ ತೆಗೆದುಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟ.

ಯಜಮಾನ ಕೆಟ್ಟವನೇನಲ್ಲ, ಆದರೆ ಹೆದರಿದ್ದ. ಶನಿವಾರದೊಳಗೆ ಅರವತ್ತರಲ್ಲೂ ಆಕಾಶ ಕೆಳಗಿಳಿದಿರಬೇಕು, ಇಲ್ಲದಿದ್ದರೆ ಸೋಮವಾರದಿಂದ ಆ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂರುತ್ತಾರೆ ಎಂದ. ಆಕಾಶ ಇಳಿಸಬಲ್ಲವನು ಒಬ್ಬನೇ. ಆ ನೀಲಿ ಕಲಸುವುದು ಮೋಡಪ್ಪನಿಗೆ ಮಾತ್ರ ಬರುತ್ತದೆ, ಬೇರೆ ಯಾರು ಮುಟ್ಟಿದರೂ ಹಳೆಯ ಪಂಚೆಗೆ ತೇಪೆ ಹಾಕಿದಂತೆ ಕಾಣುತ್ತದೆ. “ಅವನದೇನೂ ತಪ್ಪಿಲ್ಲ. ನಾನವನಿಗೆ ಬಲವಂತ ಮಾಡೋಕಾಗಲ್ಲ, ಅಕ್ಕ,” ಎಂದ ಯಜಮಾನ, ಅವಳ ಮುಖ ನೋಡದೆ.

ಬುಧವಾರ ಮೋಡಪ್ಪ ಬರಲಿಲ್ಲ. ಅವಳು ಬಂದಳು, ನಮಗಿಂತ ಮೊದಲೇ ಬಂದಿದ್ದಳು. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ. ಬಣ್ಣ ಕಲಸುವ ಪ್ಯಾಲೆಟ್ ಚಾಕು ಹಿಡಿದು ತನ್ನ ಗೋಧಿಯನ್ನು ತಾನೇ ಕೆರೆದು ತೆಗೆಯುತ್ತಿದ್ದಳು. ಹಳೆಯ ಚಿತ್ರದಲ್ಲಿ ಗೋಧಿ ಮುಗಿದಿದ್ದ ಜಾಗದಲ್ಲಿ ಪೆನ್ಸಿಲಿನ ಗೆರೆ, ಅದರಿಂದ ಮೇಲಿನ ನಾಲ್ಕು ಬೆರಳು ತೆನೆಯೆಲ್ಲ ಚಾಕುವಿನ ತುದಿಗೆ. ನಾನು ಪಕ್ಕದಲ್ಲಿ ಕೂತು ಚಾಕು ಒರೆಸಿಕೊಟ್ಟೆ, ಟರ್ಪೆಂಟೈನ್ ಸುರಿದುಕೊಟ್ಟೆ, ನನ್ನ ಮರಗಳ ಮೇಲ್ತುದಿಯನ್ನೂ ಕೆರೆದುಕೊಟ್ಟೆ. ಇಡೀ ದಿನ ಅವಳು ಒಂದು ತಮಾಷೆಯ ಮಾತೂ ಆಡಲಿಲ್ಲ. ಅವಳ ಬಾಯಿಗೆ ಬೀಗ ಬೀಳಲಿ ಎಂದು ಎಷ್ಟು ಸಲ ಹಾರೈಸಿದ್ದೆನೋ, ಬಿದ್ದ ದಿನ ಹಜಾರದಲ್ಲಿ ಕೂರಲು ಆಗಲಿಲ್ಲ.

“ಬರ್ತಾನೆ ಬಿಡಕ್ಕಾ,” ಎಂದೆ ಸಂಜೆ.

“ಕೆಲಸಕ್ಕೆ ಬರ್ತಾನೆ, ಗೊತ್ತು. ಕೆಲಸ ಹಾಳಾಗೋಕೆ ಬಿಡಲ್ಲ ಅವನು,” ಎಂದಳು. “ಸ್ಟೂಲು ಉಳಿಯುತ್ತೆ. ನನಗೆ ಸ್ಟೂಲು ತಗೊಂಡು ಏನಾಗ್ಬೇಕು ಹೇಳು? ಹೀಗೇ ಬಾಯಿ ಹೊಲ್ಕೊಂಡು ಬಂದು, ಅರವತ್ತೂ ಮುಗಿಸಿ, ಹೀಗೇ ಎದ್ದು ಹೋದ್ರೆ?”

ಗುರುವಾರ ಬೆಳಿಗ್ಗೆ ಅವನು ಬಂದ. ಯಾರ ಮುಖವನ್ನೂ ನೋಡದೆ ಅಂಗಿ ನೇತುಹಾಕಿದ. ನೀಲಿ ಕಲಸಿದ, ಬಿಳಿ ಸೇರಿಸಿದ, ಚೂರು ಹಸಿರು ತಾಗಿಸಿದ. ಮೊದಲ ಕ್ಯಾನ್ವಾಸನ್ನು ಸ್ಟ್ಯಾಂಡಿನ ಮೇಲೆ ನೇರವಾಗಿ ಇಟ್ಟ. ಎಡಕ್ಕೆ ಹೋಟೆಲಿನ ಹಳೆಯ ಚಿತ್ರ ನಿಂತಿತ್ತು. ಯಜಮಾನ ತನ್ನ ಸ್ಕೇಲನ್ನು ಅಲ್ಲೇ ಬಿಟ್ಟು ಹೋಗಿದ್ದ. ಅಕ್ಕ ಸ್ಟೂಲು ಬಿಟ್ಟೆದ್ದು ಸ್ವಲ್ಪ ದೂರದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು. ಹಜಾರದಲ್ಲಿ ಎಲ್ಲರೂ ಕುಂಚ ಆಡಿಸುತ್ತಿದ್ದರು, ಒಬ್ಬರೂ ಬರೆಯುತ್ತಿರಲಿಲ್ಲ.

ಅವನು ಮೇಲಿನಿಂದ ಶುರುಮಾಡಿದ. ಮೋಡ ಒಂದು ಸುತ್ತು ತಿರುಗಿತು, ಅದರ ಕೆಳಗೆ ಬೆಟ್ಟದ ತಲೆ ಕಾಣಿಸಿಕೊಂಡಿತು, ಭುಜ ಕಾಣಿಸಿಕೊಂಡಿತು. ಕೆರೆದ ಜಾಗದ ಅಂಚಿಗೆ ಇನ್ನೇನು ಕುಂಚ ತಾಗಬೇಕು, ಅಲ್ಲಿ ನಿಂತ. ಪೆನ್ಸಿಲಿನ ಗೆರೆ ಅವನ ಮೂಗಿನ ಮುಂದೆಯೇ ಇತ್ತು. ಪಕ್ಕದಲ್ಲಿ ಹಳೆಯ ಚಿತ್ರವಿತ್ತು, ಕೈಗೆ ಸಿಗುವಂತೆ ಸ್ಕೇಲು ಇತ್ತು. ಹುಟ್ಟುಕುರುಡನಿಗೂ ಎಲ್ಲಿಯವರೆಗೆ ಎಂದು ಗೊತ್ತಾಗುವಂತಿತ್ತು.

“ಅಕ್ಕಾ,” ಎಂದ, ಕ್ಯಾನ್ವಾಸಿನಿಂದ ಕಣ್ಣು ತೆಗೆಯದೆ. “ಎಲ್ಲೀವರೆಗೆ ಇಳಿಸ್ಲಿ?”

ಹನ್ನೊಂದು ವರ್ಷದಿಂದ ಆ ಹೆಂಗಸು ಒಂದು ಬೈಗುಳಕ್ಕೆ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಬಂದದ್ದು ಪ್ರಶ್ನೆ. ಹತ್ತಿರ ಬಂದು ಅವನ ಭುಜದ ಹಿಂದೆ ನಿಂತಳು.

“ಇನ್ನೂ ಸ್ವಲ್ಪ,” ಎಂದಳು.

ಅವನು ಇಳಿಸಿದ. ನೀಲಿ ಪೆನ್ಸಿಲಿನ ಗೆರೆ ಮುಟ್ಟಿತು.

“ಇನ್ನೂ ಸ್ವಲ್ಪ.”

ನೀಲಿ ಗೆರೆ ದಾಟಿತು. ಕೆರೆಯದ ಗೋಧಿಯ ಮೇಲೆ, ದಪ್ಪ ತೆನೆಗಳ ಮೇಲೆ ಬೆಟ್ಟದ ಬುಡ ಹರಡಿಕೊಂಡಿತು. ನಾನು “ಅಕ್ಕಾ, ಸಾಕು!” ಎಂದು ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ.

“ಇನ್ನೂ ಇಳಿಸೋ. ಇನ್ನೂ. ನಿಂದೇ ಅದು, ತಗೋ.”

ಅರ್ಧ ಗೋಧಿ ಬೆಟ್ಟದಡಿ ಹೋದ ಮೇಲೆ ಮೋಡಪ್ಪ ಗಕ್ಕನೆ ಕುಂಚ ಎತ್ತಿದ. ತಿರುಗಿ ಅವಳನ್ನು ನೋಡಿದ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ನೇರವಾಗಿ. ಅವನ ಕಿವಿ ಆ ದಿನದ ಹಾಗೆಯೇ ಕೆಂಪಾಗಿತ್ತು.

“ತಲೆ ನೆಟ್ಟಗಿದೆಯಾ ನಿಂಗೆ? ಗೆರೆ ಹಾಕಿರೋಳು ನೀನೇ, ಅದೂ ಕಾಣಿಸ್ತಿಲ್ವಾ? ಒಂದು ಪೂರ್ತಿ ಚಿತ್ರ ಹಾಳು ಮಾಡಿಸಿದ್ಯಲ್ಲ! ಇಪ್ಪತ್ತೇಳು ವರ್ಷ ಇಲ್ಲಿ ಕೂತು ಏನು ಕತ್ತೆ ಕಾಯ್ತಿದ್ಯಾ? ಒಂದು ದಿನ, ಒಂದೇ ಒಂದು ದಿನ ಬಾಯಿ ಹಿಡಿದಿದ್ರೆ ಏನಾಗ್ತಿತ್ತು ನಿಂಗೆ? ನನ್ನ ಮಾವ ಇವತ್ತಿಗೂ ನಾನು ಹೋದ್ರೆ ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಸಿಸ್ತಾನೆ, ಗೊತ್ತಾ? ಹನ್ನೊಂದು ವರ್ಷ! ಮಲಗಿದ್ರೆ ಪರಪರ ಅನ್ನುತ್ತೆ!”

ಹಜಾರದಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಗೋಧಿಯಕ್ಕ ನಗಲಿಲ್ಲ. ಅವಳ ಕಣ್ಣಿನಿಂದ, ಮೂಗಿನಿಂದ ಒಟ್ಟಿಗೇ ನೀರು ಸುರಿಯುತ್ತಿತ್ತು. ಕೈಗೆ ಸಿಕ್ಕ ಬಣ್ಣದ ಬಟ್ಟೆಯಿಂದಲೇ ಒರೆಸಿಕೊಂಡು ಮುಖವೆಲ್ಲ ನೀಲಿಯಾಯಿತು.

ಆ ಚಿತ್ರವನ್ನು ಮೂಲೆಗೆ ಎಸೆದು ಮೋಡಪ್ಪ ಎರಡನೆಯದನ್ನು ಎತ್ತಿಕೊಂಡ, ಬೈಯುತ್ತಲೇ ಬರೆದ, ಮೂರನೆಯದನ್ನು ಎತ್ತಿಕೊಂಡ. ಹಾಳಾದದ್ದಕ್ಕೆ ಬದಲಾಗಿ ಮೂವರೂ ಸೇರಿ ಹೊಸದೊಂದನ್ನು ಬರೆದು, ಅರವತ್ತೂ ಮುಗಿಯಲು ಶುಕ್ರವಾರ ಸಂಜೆಯಾಯಿತು, ಬೈಗುಳವೂ ಅಷ್ಟು ಹೊತ್ತು ನಡೆಯಿತು. ಹಾಸಿಗೆಯದು ಮುಗಿದು ಮದುವೆಯದು ಬಂತು, ಮದುವೆಯದು ಮುಗಿದು ಅವನಿಗೆ ಏಳು ವರ್ಷವಿದ್ದಾಗ ಅವಳು ಅವನ ತಲೆ ಬೋಳಿಸಿದ್ದು ಬಂತು. ಬಾಯಿಗೆ ಬೀಗವಿಲ್ಲದ ಆ ಹೆಂಗಸು ಎರಡು ದಿನ ಒಂದಕ್ಕೂ ಎದುರು ಹೇಳಲಿಲ್ಲ. ಅವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತ್ರ, ಎಲ್ಲಿ ಮುಗಿದುಹೋಯಿತೋ ಎಂಬಂತೆ, “ಆಮೇಲೆ?” ಎಂದು ಕೇಳುತ್ತಿದ್ದಳು.